ಆಟದ ಬಂಡಿಯೂ ನಗರದರ್ಶನವೂ



ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದುವವರು ಕಡಿಮೆಯಾದರೆಂಬ ಅಳಲನ್ನು ಎಲ್ಲರೂ ಬಲ್ಲರು. ಆದರೆ ದೇಶವನ್ನು ಸುತ್ತುವ ಕಾರ್ಯವು ಯಾವ ದುರವಸ್ಥೆಗೆ ಬಂದಿರುವುದೆಂಬುದನ್ನು ಯಾರೂ ಆಡಿದಂತೆ ಕಾಣೆನು. ಸುತ್ತುವವರ ಸಂಖ್ಯೆಯು ಹೆಚ್ಚಿತೆಂಬ ಸಂತೋಷದಲ್ಲಿ, ಅವರು ಏನನ್ನು ಕಂಡು ಬಂದರೆಂದು ಕೇಳುವುದನ್ನೇ ನಾವು ಮರೆತಿರುವೆವು. ಆದಕಾರಣ ಈ ನಾಲ್ಕು ಮಾತುಗಳು. ಇವು ಕೆಲವರಿಗೆ ಕಟುವಾಗಿ ತೋರಿಯಾವು. ಬಹುಕಾಲ ಹುಡುಗರ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದ ಕೈಯಿದು, ಕ್ಷಮಿಸಬೇಕು.

ನನ್ನ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಜಪಾನಿನ ರಾಜಧಾನಿಯಾದ ಟೋಕಿಯೋ ನಗರದಲ್ಲಿರುವರು. ಅವರ ವಾಸವು ನಿಶಿಕಸಾಯಿ ಎಂಬ ಭಾಗದಲ್ಲಿ. ಅಲ್ಲಿ ಭಾರತೀಯ ಕುಟುಂಬಗಳು ಬಹಳ. ಕಳೆದ ವರ್ಷ ನಾನೂ ನನ್ನ ಮನೆಯವರೂ ಅವರಲ್ಲಿಗೆ ಹೋಗಿ ಒಂದು ತಿಂಗಳು ಇದ್ದು ಬಂದೆವು. ನಾವಿದ್ದಾಗಲೇ ನನ್ನ ತಂಗಿಯ ಮಗನು ಕಚೇರಿಯ ಕೆಲಸಕ್ಕಾಗಿ ಆ ಊರಿಗೆ ಬಂದನು. ಅವನಿಗೆ ಬಿಡುವಿದ್ದುದು ಒಂದು ಆದಿತ್ಯವಾರ ಮಾತ್ರ. ಆ ದಿನ ಹೊತ್ತಾರೆ ಹೋದವನು ದೀಪ ಹಚ್ಚಿದ ಮೇಲೆ, ಗಾಳಿಗೆ ಕೆಂಪೇರಿದ ಮುಖದೊಡನೆ ಬಂದು, "ಮಾವ, ಟೋಕಿಯೋ ಪೂರ್ತಿ ನೋಡಿಬಿಟ್ಟೆ!" ಎಂದು ಉಬ್ಬಿದನು. ಗೋ-ಕಾರ್ಟ್ ಎಂಬ ಆಟದ ಬಂಡಿಯನ್ನು ಬಾಡಿಗೆಗೆ ಹಿಡಿದು, ಬೆಳಗ್ಗೆ ನಗರದ ಒಂದು ದಿಕ್ಕಿನಲ್ಲಿ ಒಂದು ತಂಡದೊಡನೆಯೂ ಮಧ್ಯಾಹ್ನದಿಂದ ಮತ್ತೊಂದು ದಿಕ್ಕಿನಲ್ಲಿ ಇನ್ನೊಂದು ತಂಡದೊಡನೆಯೂ ಸುತ್ತಿದನಂತೆ. ಕೈಯಲ್ಲಿದ್ದ ಫೋನಿನಲ್ಲಿ ನೂರಾರು ಚಿತ್ರಗಳನ್ನು ತೋರಿಸಿದನು. ಪ್ರತಿಯೊಂದರಲ್ಲಿಯೂ ಅವನೇ ಇದ್ದನು. ಮೈಗೆ ಕರಡಿಯ ವೇಷ, ಹಿಂದೆ ಯಾವುದೋ ಗೋಪುರ ಅಥವಾ ಯಾವುದೋ ಸೇತುವೆ.

"ಇದು ಯಾವ ಸೇತುವೆಯಪ್ಪ?" ಎಂದು ಕೇಳಿದೆನು.

"ಯಾವುದೋ ದೊಡ್ಡ ನದಿ ಮಾವ, ಹೆಸರು ನೆನಪಿಲ್ಲ. ಮುಂದಿನ ಬಂಡಿಯವನ ಹಿಂದೆಯೇ ಹೋಗಬೇಕಲ್ಲ, ಓದೋಕೆ ಪುರುಸೊತ್ತೆಲ್ಲಿ?"

ಈ ಉತ್ತರವೇ ಈ ಲೇಖನಕ್ಕೆ ಕಾರಣವು. ಆ ಸೇತುವೆಯ ಪ್ರಸ್ತಾಪವನ್ನು ಮುಂದೆ ಮಾಡುವೆನು.

ಮೊದಲು ಬಂಡಿಯ ಪೂರ್ವೋತ್ತರ. 1956ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಆರ್ಟ್ ಇಂಗೆಲ್ಸ್ ಎಂಬ, ಪಂದ್ಯದ ಕಾರುಗಳನ್ನು ಕಟ್ಟುವ ಕುಶಲಿಯು, ಹುಲ್ಲು ಕತ್ತರಿಸುವ ಯಂತ್ರದ ಎಂಜಿನನ್ನು ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಜೋಡಿಸಿ ಇದನ್ನು ನಿರ್ಮಿಸಿದನು. ಪಸಾಡೆನಾದ ರೋಸ್ ಬೌಲ್ ಕ್ರೀಡಾಂಗಣದ ಸುತ್ತಣ, ಕಾರುಗಳನ್ನು ನಿಲ್ಲಿಸುವ ಬಯಲಿನಲ್ಲಿ ಇದನ್ನು ಓಡಿಸಿ ಆನಂದಿಸಿದರು. ಎಂದರೆ ಇದು ಹುಟ್ಟಿದ್ದೇ ಬರಿದಾದ ಬಯಲಿಗಾಗಿ, ನಡೆಯುವವರು ಇಲ್ಲದ ಸ್ಥಳಕ್ಕಾಗಿ. ಜಪಾನಿನಲ್ಲಿಯೋ, 50 ಸಿ.ಸಿ. ಎಂಜಿನಿನ ಈ ಬಂಡಿಗಳಿಗೆ ಸಾರ್ವಜನಿಕ ರಸ್ತೆಯಲ್ಲಿ ಓಡಲು ಕಾಯಿದೆಯು ಸಮ್ಮತಿಸುವುದು. ಗಂಟೆಗೆ 60 ಕಿಲೋಮೀಟರಿನವರೆಗೆ ಓಡಿಸಬಹುದು. ತಲೆಗೆ ಶಿರಸ್ತ್ರಾಣವು ಕಡ್ಡಾಯವಲ್ಲ. 1949ರ ಜಿನೀವಾ ಒಡಂಬಡಿಕೆಯ ಅಂತರರಾಷ್ಟ್ರೀಯ ಪರವಾನಗಿಯುಳ್ಳ ವಿದೇಶೀಯನೂ ಓಡಿಸಬಹುದು. ಭಾರತವು ಆ ಒಡಂಬಡಿಕೆಗೆ ಸೇರಿರುವುದರಿಂದ ನಮ್ಮ ಹುಡುಗರಿಗೂ ಬಾಗಿಲು ತೆರೆದಿದೆ. ವೇಗದ ಹೆದ್ದಾರಿಗಳಲ್ಲಿ ಇವಕ್ಕೆ ಪ್ರವೇಶವಿಲ್ಲ. ಆದುದರಿಂದ ಇವು ಸಾಮಾನ್ಯರ ಬೀದಿಗಳಲ್ಲಿಯೇ ಸಾಲುಗಟ್ಟಿ ಓಡುವುವು.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿ ಎತ್ತಿ ಹೇಳುವೆನು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಲಾರದವನಿಗೆ ಅದನ್ನು ಖಂಡಿಸುವ ಅಧಿಕಾರವಿಲ್ಲವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಬಂಡಿಯ ಪಕ್ಷದವರು ಹೇಳುವುದು ನಾಲ್ಕು ಮಾತು. ಒಂದು, ಇದು ಕಾಯಿದೆಗೆ ವಿರುದ್ಧವಲ್ಲ. ಎರಡು, ಗಾಜು ಮುಚ್ಚಿದ ಬಸ್ಸಿನಲ್ಲಿಯೂ ನೆಲದೊಳಗಿನ ರೈಲಿನಲ್ಲಿಯೂ ಊರು ಕಾಣದು. ಈ ಬಂಡಿಯಲ್ಲಿ ಗಾಳಿ ತಾಗುವುದು, ವಾಸನೆ ತಿಳಿಯುವುದು, ಗೋಪುರಗಳು ತಲೆಯ ಮೇಲೆ ಏಳುವುವು. ಮೂರು, ಒಂದೇ ದಿನ ಬಿಡುವುಳ್ಳವನು ಒಂದು ಕೋಟಿ ನಲವತ್ತು ಲಕ್ಷ ಜನರಿರುವ ಟೋಕಿಯೋವನ್ನು ಇನ್ನು ಹೇಗೆ ನೋಡಬೇಕು? ನಾಲ್ಕು, ಸಂತೋಷಪಡುವುದು ಪಾಪವೇ?

ಕೊನೆಯದರಿಂದ ಆರಂಭಿಸುವೆನು. ಸಂತೋಷವು ಪಾಪವಲ್ಲ. ಬಂಡಿಯನ್ನು ಓಡಿಸುವುದು ಆಟವೆಂದೂ, ಆಟಕ್ಕೆ ಅಂಗಳ ಬೇಕೆಂದೂ ಒಪ್ಪಿದರೆ ನಮ್ಮಲ್ಲಿ ಜಗಳವಿಲ್ಲ. ಅದಕ್ಕೆಂದೇ ಕಟ್ಟಿದ ಓಟದ ಅಂಗಳಗಳು ಉಂಟು. ಅಲ್ಲಿ ಹಗಲೆಲ್ಲ ಸುತ್ತಲಿ. ನನ್ನ ಆಕ್ಷೇಪವು ಆಟವನ್ನು ನಗರದರ್ಶನವೆಂದು ಕರೆಯುವುದಕ್ಕೆ, ಮತ್ತು ಇನ್ನೊಬ್ಬರ ಮನೆಯ ಮುಂದಿನ ಬೀದಿಯನ್ನು ಆಟದಂಗಳವನ್ನಾಗಿ ಮಾಡುವುದಕ್ಕೆ.

ಕಾಯಿದೆಯ ಮಾತು. ಈ ಬಂಡಿಗಳ ವಿಷಯದಲ್ಲಿ ಒಂದು ದೊಡ್ಡ ವ್ಯಾಜ್ಯವೇ ನಡೆಯಿತು. ನಿಂಟೆಂಡೋ ಎಂಬ ಆಟಗಳ ಸಂಸ್ಥೆಯು, ತನ್ನ ಮಾರಿಯೋ ಮೊದಲಾದ ಪಾತ್ರಗಳ ವೇಷಗಳನ್ನು ಬಾಡಿಗೆಗೆ ಕೊಟ್ಟರೆಂದು ಒಂದು ಬಂಡಿಯ ಕಂಪನಿಯ ಮೇಲೆ 2017ರಲ್ಲಿ ದಾವೆ ಹೂಡಿತು. 2018ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯವು ಒಂದು ಕೋಟಿ ಯೆನ್ ಪರಿಹಾರವನ್ನು ವಿಧಿಸಿತು. 2020ರ ಜನವರಿಯಲ್ಲಿ ಮೇಲಿನ ನ್ಯಾಯಾಲಯವು ಅದನ್ನು ಐದು ಕೋಟಿಗೆ ಏರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಯ ಮನವಿಯನ್ನು ತಳ್ಳಿಹಾಕಿತು. ಇಷ್ಟೆಲ್ಲ ಆಗಿ ಇತ್ಯರ್ಥವಾದುದು ವೇಷವು ಯಾರದೆಂಬ ಪ್ರಶ್ನೆ. ಬೀದಿಯು ಯಾರದೆಂಬ ಪ್ರಶ್ನೆಯು ಆ ವ್ಯಾಜ್ಯದಲ್ಲಿ ಇರಲೇ ಇಲ್ಲ. ಆದುದರಿಂದ ವೇಷ ಬದಲಾಯಿತು, ಬಂಡಿಗಳು ಓಡುತ್ತಲೇ ಇವೆ. ಕಾಯಿದೆಯು ತಡೆಯದಿರುವುದೆಲ್ಲವೂ ಸಭ್ಯತೆಯಾಗುವುದಾದರೆ, ಅತಿಥಿಯು ಮನೆಯ ಯಜಮಾನನ ಮುಂದೆ ಕಾಲು ಚಾಚಿ ಮಲಗುವುದೂ ಸಭ್ಯತೆಯೇ; ಅದನ್ನು ತಡೆಯುವ ಕಾಯಿದೆ ಯಾವ ದೇಶದಲ್ಲಿಯೂ ಇಲ್ಲ.

ಬಂಡಿಗಳ ಸಾಲನ್ನು ಶಿಬುಯಾ ಎಂಬ ಪ್ರಸಿದ್ಧವಾದ ಕೂಡುರಸ್ತೆಯ ಬಳಿ ನಾನೇ ನಿಂತು ಕಂಡೆನು. ಅದು ಎಂಥಾ ಊರು! ರೈಲಿನಲ್ಲಿ ಕುಳಿತವರು, ಪಕ್ಕದವರಿಗೆ ತೊಂದರೆಯಾದೀತೆಂದು ಫೋನಿನಲ್ಲಿ ಮಾತನಾಡುವುದನ್ನೇ ಬಿಟ್ಟಿರುವ ಊರು. ಅಂಥಲ್ಲಿ ಹತ್ತು ಹನ್ನೆರಡು ಬಂಡಿಗಳು ಗುಡುಗುಡಿಸುತ್ತ ಬಂದು ದೀಪಸ್ತಂಭದ ಕೆಳಗೆ ನಿಂತುವು. ಕುಳಿತವರು ವಿದೇಶೀಯರು, ಕೈ ಬೀಸಿದರು, ಕೂಗಿದರು, ಪರಸ್ಪರ ಚಿತ್ರ ತೆಗೆದುಕೊಂಡರು. ಪಾದಚಾರಿಗಳಲ್ಲಿ ಕೆಲವರು ನಕ್ಕು ತಾವೂ ಚಿತ್ರ ತೆಗೆದರೆಂಬುದನ್ನು ಮುಚ್ಚಿಡಲಾರೆನು. ತರಕಾರಿಯ ಕೈಗಾಡಿಯನ್ನು ಎಳೆದುಕೊಂಡು ಬಂದಿದ್ದ ಒಬ್ಬ ಮುದುಕಿಯು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ಸಾಲು ಪೂರ್ತಿ ಹೋಗುವವರೆಗೂ ನೆಲವನ್ನು ನೋಡುತ್ತ ನಿಂತಿದ್ದಳು. ಅದು ಅವಳ ನಿತ್ಯದ ಹಾದಿಯಾಗಿದ್ದಿರಬೇಕು.

ಆಗ ನನಗೆ ನಮ್ಮ ಊರಿನ ರಥೋತ್ಸವವು ನೆನಪಾಯಿತು. ದೇವರು ತೇರಿನ ಮೇಲೆ ಬೀದಿಗೆ ಬರುವುದು ಊರಿನವರಿಗೆ ದರ್ಶನವನ್ನು ಕೊಡುವುದಕ್ಕಾಗಿ. ಅದಕ್ಕಾಗಿಯೇ ತೇರು ನಿಧಾನವಾಗಿ ಸಾಗಿ, ನೆರೆದವರೆಲ್ಲರ ಕಣ್ಣು ತುಂಬುವವರೆಗೆ ನಿಲ್ಲುವುದು. ಈ ಬಂಡಿಯವನೂ ಅಲಂಕಾರ ಮಾಡಿಕೊಂಡು, ಮೆರವಣಿಗೆಯಲ್ಲಿ ಬಂದು, ಎರಡು ಕಡೆಯ ಜನರಿಗೂ ಕೈಯೆತ್ತುವನು. ದರ್ಶನ ಕೊಡುವವನು ಇವನು, ಪಡೆಯುವುದು ನಗರ! ನಗರವನ್ನು ನೋಡಲು ಬಂದವನು ನಗರಕ್ಕೆ ತನ್ನನ್ನು ತೋರಿಸಿ ಹೋಗುವನು. ಅಳಿಯನ ಚಿತ್ರಗಳಲ್ಲೆಲ್ಲ ಅವನೇ ಇದ್ದುದು ಆಕಸ್ಮಿಕವಲ್ಲ.

ಎರಡನೆಯ ವಾದ, ಬಂಡಿಯು ನಮ್ಮನ್ನು ಊರಿಗೆ ಹತ್ತಿರವಾಗಿಸುವುದೆಂಬುದು. ಗಾಳಿಗೆ ಹತ್ತಿರವಾಗಿಸುವುದು ನಿಜ; ಬಸ್ಸಿಗಿಂತ ಮೇಲೆಂದು ಒಪ್ಪುವೆನು. ಆದರೆ ಓಡಿಸುವವನ ಕಣ್ಣು ಎಲ್ಲಿರಬೇಕು? ಮುಂದಿನ ಬಂಡಿಯ ಮೇಲೆ. ಪಕ್ಕಕ್ಕೆ ತಿರುಗಿದರೆ ಅಪಘಾತ. ಕಿವಿ ಎಂಜಿನಿನದು. ನೋಡಲೂ ಆಗದ, ಕೇಳಲೂ ಆಗದ, ಬೇಕೆಂದಲ್ಲಿ ನಿಲ್ಲಲೂ ಆಗದ ಸಾಮೀಪ್ಯವು ಎಂಥಾ ಸಾಮೀಪ್ಯ?

ನಡೆದವನಿಗೆ ಆ ಊರು ಏನನ್ನು ಕೊಡುವುದೆಂಬುದನ್ನು ಹೇಳುವೆನು. ಉಯೆನೋ ಉದ್ಯಾನದ ಶಿನೊಬಜು ಕೊಳದ ನಡುವೆ, ಕಮಲಗಳ ಮಧ್ಯದಲ್ಲಿ, ಬೆನ್‌ತೆನ್ ಎಂಬ ದೇವತೆಯ ಗುಡಿಯಿದೆ. ಆಕೆ ಬೇರೆ ಯಾರೂ ಅಲ್ಲ. ನಮ್ಮ ಸರಸ್ವತಿಯೇ, ಅಲ್ಲಿ ಎಂಟು ಕೈಗಳೊಡನೆ ನೆಲೆಸಿರುವಳು. ಕಗುರಝಕಾ ಎಂಬ ಏರುಬೀದಿಯಲ್ಲಿ ವೈಶ್ರವಣನಾದ ಕುಬೇರನೂ, ಶಿಬಾಮಾತಾ ಎಂಬ ಹೊರಕೇರಿಯಲ್ಲಿ ದೇವೇಂದ್ರನೂ ಇರುವರು. ಯನಕಾ ಎಂಬ ಹಳೆಯ ಕೇರಿಯ ಗೋರಿಗಳ ನಡುವೆ ನಡೆಯುವಾಗ, ಸತ್ತವರ ಹೆಸರಿನಲ್ಲಿ ನೆಟ್ಟ ಎತ್ತರವಾದ ಮರದ ಹಲಗೆಗಳನ್ನು ಕಂಡೆನು. ಅವುಗಳ ತಲೆಯ ಮೇಲೆ ಬರೆದಿರುವುದು ಸಂಸ್ಕೃತದ ಅಕ್ಷರಗಳು. ಲಿಪಿ ನಾಗರಿಯಲ್ಲ, ಸಿದ್ಧಮೆಂಬುದು. ಖ, ಹ, ರ, ವ, ಅ - ಆಕಾಶ, ವಾಯು, ಅಗ್ನಿ, ಜಲ, ಪೃಥ್ವಿಗಳ ಬೀಜಗಳು. ಏಳು ವಯಸ್ಸಿನಲ್ಲಿ ಮರಳಿನ ಮೇಲೆ ಬೆರಳಿಟ್ಟು ತಿದ್ದಿದ ಅಕ್ಷರಗಳನ್ನು, ಭಾಷೆ ತಿಳಿಯದ ದೇಶದಲ್ಲಿ, ಪರಿಚಯವಿಲ್ಲದ ಯಾರದೋ ಸಮಾಧಿಯ ಮುಂದೆ ಒಂದೊಂದಾಗಿ ಕೂಡಿಸಿಕೊಂಡು ಓದುವಾಗ ನನ್ನ ಕಣ್ಣು ಮಂಜಾಯಿತು. ಮಗಳು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಆ ಹಲಗೆಗಳ ಅಕ್ಷರವನ್ನು ನಿಂತು ಓದಬೇಕು. ಓಡುವವನಿಗೆ ಅವು ಬರಿಯ ಹಲಗೆಗಳು.

ಈಗ ಆ ಸೇತುವೆ. ಅಳಿಯನ ಚಿತ್ರದಲ್ಲಿದ್ದುದು ಯಾವುದೆಂದು ನಾನು ಬಲ್ಲೆನೆನ್ನಲಾರೆನು. ಆದರೆ ಬೆಳಗ್ಗೆ ಅವನು ಸುತ್ತಿದ ಅಸಾಕುಸಾ ಭಾಗದಲ್ಲಿ ಹರಿಯುವುದು ಸುಮಿದಾ ನದಿ. ಅದರ ಮೇಲೆ ಕೊತೊತೊಯ್ ಎಂಬ ಸೇತುವೆಯುಂಟು. 1945ರ ಮಾರ್ಚ್ 9-10ರ ನಡುವಣ ರಾತ್ರಿ ಅಮೆರಿಕೆಯ ವಿಮಾನಗಳು ಬೆಂಕಿಯ ಬಾಂಬುಗಳನ್ನು ಸುರಿದಾಗ, ನದಿಯ ಎರಡು ದಡಗಳಿಂದಲೂ ಓಡಿಬಂದ ಜನರು ಆ ಸೇತುವೆಯ ಮೇಲೆ ಸಿಲುಕಿ ಸುಟ್ಟು ಸತ್ತರು. ಆ ಒಂದು ರಾತ್ರಿಯಲ್ಲಿ ಆ ನಗರದಲ್ಲಿ ಮಡಿದವರು ಸುಮಾರು ಒಂದು ಲಕ್ಷ. ಸೇತುವೆಯ ಕಲ್ಲುಕಂಬಗಳ ಮೇಲಿನ ಕಪ್ಪು ಇಂದಿಗೂ ಹೋಗಿಲ್ಲ. ನಾನು ಅಲ್ಲಿಗೆ ನಡೆದು ಹೋಗಿ, ಆ ಕಪ್ಪಿನ ಮೇಲೆ ಕೈಯಿಟ್ಟು ಬಂದೆನು. ಅದರ ಪಕ್ಕದಲ್ಲಿ ಕರಡಿಯ ವೇಷದಲ್ಲಿ ಕೈ ಬೀಸುತ್ತ ಹೋದವನು ದುಷ್ಟನೆಂದು ಹೇಳೆನು, ಅವನಿಗೆ ತಿಳಿಯದು. ತಿಳಿಯದಂತೆ ಅವನನ್ನು ದಾಟಿಸಿಬಿಡುವ ವಾಹನವೇ ದೋಷಿ.

ಉಳಿದುದು ಒಂದೇ ದಿನದ ವಾದ. ಇದೇ ಬಲವಾದುದು. ಇದಕ್ಕೆ ಆ ಊರಿನವನೇ ಆದ ನಾಗಾಯಿ ಕಾಫೂ ಎಂಬ ಸಾಹಿತಿಯ ನಡತೆಯೇ ಉತ್ತರವು. ಅವನು ಮರದ ಪಾದುಕೆಗಳನ್ನು ಮೆಟ್ಟಿ, ಕೊಡೆ ಹಿಡಿದು, ಹಳೆಯ ಎದೋ ಪಟ್ಟಣದ ನಕ್ಷೆಯೊಡನೆ ಟೋಕಿಯೋವಿನ ಗಲ್ಲಿಗಳಲ್ಲಿ ಅಲೆದು, ಅದನ್ನು 1915ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಅಲ್ಲಿಯೇ ಹುಟ್ಟಿದವನು ತನ್ನ ಊರನ್ನು ನೋಡಿ ಮುಗಿಸದೆ ಇದ್ದಾಗ, ಒಂದು ದಿನದ ಅತಿಥಿಗೆ ಪೂರ್ತಿ ನೋಡುವ ಹಟವೇಕೆ? ಒಂದು ದಿನಕ್ಕೆ ಒಂದು ಕೇರಿ ಸಾಕು. ಮಿಕ್ಕುದು ಉಳಿಯಲಿ. ಕಾಲಿನಲ್ಲಿ ಶಕ್ತಿಯಿಲ್ಲದವನು ಒಂದು ಗುಡಿಯ ಮುಂದಿನ ಬೆಂಚಿನ ಮೇಲೆ ಕುಳಿತರೂ ಬಂಡಿಯವನಿಗಿಂತ ಹೆಚ್ಚು ಕಾಣುವನು.

ಇಷ್ಟು ಬರೆದ ಮೇಲೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳದಿದ್ದರೆ ಈ ಲೇಖನವು ಪರೋಪದೇಶಮಾತ್ರವಾದೀತು. ಮೇಷ್ಟರಾಗಿದ್ದಾಗ ನಾನು ವರ್ಷವರ್ಷವೂ ಹುಡುಗರನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದೆನು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ - ಮೂರನ್ನೂ ಒಂದೇ ದಿನದಲ್ಲಿ. ಬಸ್ಸಿನ ಬಾಡಿಗೆ ಒಂದು ದಿನದ್ದು. ಪಟ್ಟಿಯಲ್ಲಿ ಮೂರು ಹೆಸರಿದ್ದರೆ ತಂದೆತಾಯಿಗಳಿಗೂ ತೃಪ್ತಿ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿದ ಚೆನ್ನಕೇಶವನ ಗುಡಿಗೆ ನಾನು ಕೊಡುತ್ತಿದ್ದುದು ಮುಕ್ಕಾಲು ಗಂಟೆ. ಒಮ್ಮೆ ಒಬ್ಬ ಹುಡುಗನು ಕನ್ನಡಿ ಹಿಡಿದ ಮದನಿಕೆಯ ಕೆಳಗೆ ಬಾಯಿ ತೆರೆದು ನಿಂತುಬಿಟ್ಟಿದ್ದನು. ಶಿಳ್ಳೆ ಊದಿದರೂ ಬರಲಿಲ್ಲ. ತೋಳು ಹಿಡಿದು ಬಸ್ಸಿಗೆ ಎಳೆದುಕೊಂಡು ಹೋಗಿ, ಉಳಿದವರ ಮುಂದೆ ಗದರಿದೆನು. ಆ ದಿನ ಆ ಗುಡಿಯನ್ನು ನಿಜವಾಗಿ ನೋಡುತ್ತಿದ್ದವನು ಅವನೊಬ್ಬನೇ. ಅವನ ಹೆಸರು ಈಗ ನನಗೆ ನೆನಪಿಲ್ಲ. ಅವನ ತೋಳು ಸಣ್ಣದಾಗಿತ್ತೆಂಬುದು ನೆನಪಿದೆ. ಅಳಿಯನಂಥವರನ್ನು ಬಂಡಿಗೆ ಹತ್ತಿಸಿದವರು ಜಪಾನಿನವರಲ್ಲ; ಶಿಳ್ಳೆ ಹಿಡಿದಿದ್ದ ನನ್ನಂಥ ಮೇಷ್ಟರುಗಳು.

ಆದಕಾರಣ ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ಬಿನ್ನಹವಿಷ್ಟೆ. ಮಕ್ಕಳು ಪ್ರವಾಸದಿಂದ ಬಂದಾಗ ಎಷ್ಟು ಊರು ನೋಡಿದಿರೆಂದು ಕೇಳಬೇಡಿ; ಎಲ್ಲಿ ನಿಂತಿರೆಂದು ಕೇಳಿ. ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಮೂರು ಹೆಸರಿದ್ದರೆ ಎರಡನ್ನು ಹೊಡೆದುಹಾಕಿ. ನಿಂತು ನೋಡುವ ಹುಡುಗನಿದ್ದರೆ ಬಸ್ಸನ್ನು ನಿಲ್ಲಿಸಿ.

ಅಳಿಯನು ಮುಂದಿನ ತಿಂಗಳು ಊರಿಗೆ ಬರುವನಂತೆ. ಅವನನ್ನು ಬೇಲೂರಿಗೆ ಕರೆದೊಯ್ಯಬೇಕೆಂದಿರುವೆನು. ಬೇಲೂರಿಗೆ ಮಾತ್ರ.