ಉದ್ಯಾನದ ಬೀಗ ತೆಗೆಸುವಂತೆ ಹಿರಿಯ ನಾಗರಿಕರ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ

ಇಂದ,
ಬಡಾವಣೆಯ ಹಿರಿಯ ನಾಗರಿಕರ ಸಂಘದ ಸದಸ್ಯರು

ಮಾನ್ಯರೆ,

ವಿಷಯ: ಬಡಾವಣೆಯ ಉದ್ಯಾನ ಮತ್ತು ಅದರೊಳಗಿನ ವಾಚನಾಲಯವನ್ನು ಕೂಡಲೇ ತೆರೆಯುವ ಕುರಿತು.
ಉಲ್ಲೇಖ: ವಾರ್ಡ್ ಹಾಗೂ ವಲಯ ಕಚೇರಿಗೆ ಸಲ್ಲಿಸಿದ ಹಿಂದಿನ ಮನವಿಗಳು, ಸ್ವೀಕೃತಿ ಮೊಹರಿನೊಂದಿಗೆ (ಲಗತ್ತು 1).

ಮಳೆನೀರು ಚರಂಡಿ ಕಾಮಗಾರಿಗೆಂದು ಕಳೆದ ಮುಂಗಾರಿನಲ್ಲಿ ಉದ್ಯಾನಕ್ಕೆ ಬೀಗ ಬಿತ್ತು. ಕಾಮಗಾರಿ ಮುಗಿದಿದೆಯೆಂದು ಮಾಹಿತಿ ಹಕ್ಕಿನಡಿ ಪಾಲಿಕೆಯೇ ಉತ್ತರಿಸಿದೆ (ಲಗತ್ತು 2). ಆದರೂ ಬೀಗ ತೆಗೆದಿಲ್ಲ. ನಾವು ಪತ್ರಿಕೆ ಓದುತ್ತಿದ್ದ, ಚೌಕಾಬಾರ ಆಡುತ್ತಿದ್ದ ವಾಚನಾಲಯದಲ್ಲಿ ಗುತ್ತಿಗೆದಾರರ ಸಿಮೆಂಟ್ ಚೀಲ, ಪೈಪುಗಳು ತುಂಬಿವೆ (ಛಾಯಾಚಿತ್ರಗಳು, ಲಗತ್ತು 3). ಬೇರೆ ದಾರಿಯಿಲ್ಲದೆ ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ನಮ್ಮ ಸದಸ್ಯೆಯೊಬ್ಬರು ಬೈಕ್ ತಾಗಿ ಸೊಂಟದ ಮೂಳೆ ಮುರಿದುಕೊಂಡರು (ಆಸ್ಪತ್ರೆ ದಾಖಲೆ, ಲಗತ್ತು 4). ಉದ್ಯಾನವನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ತಡೆಯುವ 1985ರ ಉದ್ಯಾನವನಗಳ ಸಂರಕ್ಷಣಾ ಕಾಯ್ದೆ ತಮಗೆ ತಿಳಿಯದ್ದೇನಲ್ಲ.

ಈ ಬಗ್ಗೆ ಕಚೇರಿಯಲ್ಲಿ ವಿಚಾರಿಸಲು ಹೋದ ನಮ್ಮವರಿಗೆ "ಅರವತ್ತಕ್ಕೆ ಅರಳು ಮರಳು, ಮನೆಯಲ್ಲೇ ಆರಾಮಾಗಿರಿ ಅಜ್ಜ" ಎಂಬ ಉತ್ತರ ದೊರೆಯಿತು. ಆ ಮಾತು ನಮ್ಮನ್ನು ನೋಯಿಸಿದೆ. ಅದಕ್ಕಿಂತ ಮುಖ್ಯವಾಗಿ, ಆ ಮಾತು ತಪ್ಪು. ಮರೆಗುಳಿ ಕಾಯಿಲೆ (ಡಿಮೆನ್ಷಿಯಾ) ವಯಸ್ಸಾದವರಿಗೆಲ್ಲ ಬಂದೇ ತೀರುವಂಥದ್ದಲ್ಲ. 14 ಅಪಾಯಕಾರಿ ಅಂಶಗಳನ್ನು ಬದುಕಿನುದ್ದಕ್ಕೂ ನಿವಾರಿಸಿದರೆ ಜಗತ್ತಿನ ಸುಮಾರು ಶೇ. 45ರಷ್ಟು ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಅಂದಾಜಿಸಿದೆ. ದೈಹಿಕ ಚಟುವಟಿಕೆಯ ಕೊರತೆ, ಜನಸಂಪರ್ಕವಿಲ್ಲದಿರುವುದು, ಖಿನ್ನತೆ, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು ಆ ಅಂಶಗಳ ಪಟ್ಟಿಯಲ್ಲಿವೆ. 65 ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡೆದವರಿಗೆ ಕಾಯಿಲೆ ಬರುವುದೇ ಇಲ್ಲ ಎಂದು ನಾವು ವಾದಿಸುತ್ತಿಲ್ಲ. ಆದರೆ ಈ ಒಂದು ಬೀಗ ನಮ್ಮ ನಡಿಗೆ, ಓದು, ಒಡನಾಟ ಮೂರನ್ನೂ ಒಟ್ಟಿಗೆ ಕಸಿದಿದೆ. ಮೆದುಳಿನ ಆರೋಗ್ಯಕ್ಕಾಗಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಯೋಜನೆ ನಡೆಸುತ್ತಿರುವಾಗ, ಪಾಲಿಕೆ ನಮ್ಮನ್ನು ನಾಲ್ಕು ಗೋಡೆಗಳ ನಡುವೆ ಕೂರಿಸುವುದು ಯಾವ ನ್ಯಾಯ?

ಆದ್ದರಿಂದ ನಮ್ಮ ಬೇಡಿಕೆಗಳು:

1. ಏಳು ದಿನಗಳೊಳಗೆ ಉದ್ಯಾನದ ಬೀಗ ತೆಗೆಸಿ, ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ತೆರೆದಿಡಬೇಕು.
2. ವಾಚನಾಲಯದಲ್ಲಿ ತುಂಬಿರುವ ಗುತ್ತಿಗೆದಾರರ ದಾಸ್ತಾನನ್ನು ಅವರ ಖರ್ಚಿನಲ್ಲೇ ತೆರವುಗೊಳಿಸಿ, ದಿನಪತ್ರಿಕೆಗಳನ್ನು ಮತ್ತೆ ತರಿಸಬೇಕು.
3. ಕಾಮಗಾರಿಗಾಗಿ ಅಗೆದುಹಾಕಿದ ನಡಿಗೆ ಪಥವನ್ನು ಜಾರದ ಕಲ್ಲು ಹಾಸಿ ದುರಸ್ತಿ ಮಾಡಬೇಕು. ಕೈಹಿಡಿ ಕಂಬಿಯೂ ಬೇಕು.
4. ರಕ್ತದೊತ್ತಡ, ಸಕ್ಕರೆ, ಕಣ್ಣು ಮತ್ತು ಕಿವಿ ತಪಾಸಣೆಯ ಶಿಬಿರವನ್ನು ಮೂರು ತಿಂಗಳಿಗೊಮ್ಮೆ ಉದ್ಯಾನದಲ್ಲಿಯೇ ನಡೆಸಬೇಕು.
5. ಮೊಣಕಾಲು ಶಸ್ತ್ರಚಿಕಿತ್ಸೆಯಾದ ಸದಸ್ಯರು ಸುತ್ತಿ ಬರುವುದು ತಪ್ಪುವಂತೆ ಉದ್ಯಾನದ ಏಳನೇ ಅಡ್ಡರಸ್ತೆಯ ಕಡೆಯ ಚಿಕ್ಕ ಗೇಟನ್ನೂ ತೆರೆಯಬೇಕು.
6. ವಾಚನಾಲಯದ ಬೀಗದ ಕೈಯನ್ನು ಉದ್ಯಾನದ ಎದುರು ಮನೆಯಲ್ಲೇ ಇರುವ ನಮ್ಮ ಖಜಾಂಚಿಯವರಿಗೆ ಒಪ್ಪಿಸಬೇಕು.


"ಪರಿಶೀಲಿಸಲಾಗುವುದು" ಎಂಬ ಉತ್ತರ ಈಗಾಗಲೇ ನಮ್ಮ ಬಳಿ ಸಾಕಷ್ಟಿದೆ. ಈ ಬಾರಿ ಹದಿನೈದು ದಿನಗಳೊಳಗೆ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಪ್ರತಿದಿನ ಬೆಳಿಗ್ಗೆ ತಮ್ಮ ಕಚೇರಿಯ ಆವರಣದಲ್ಲೇ ನಡಿಗೆ ಆರಂಭಿಸುವುದು ನಮಗೆ ಅನಿವಾರ್ಯವಾಗುತ್ತದೆ ಎಂದು ವಿನಯಪೂರ್ವಕವಾಗಿ ತಿಳಿಸುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿ ಪಟ್ಟಿ, ಲಗತ್ತು 5)

ಪ್ರತಿ: ವಲಯ ಜಂಟಿ ಆಯುಕ್ತರು, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಅಧಿಕಾರಿಗಳು