ಹೊಗೆ ಅಂದಿನದು, ಸಾವು ಇಂದಿನದು

ಕಳೆದ ಶತಮಾನದ ಉತ್ತರಾರ್ಧದಲ್ಲಿ ಜಪಾನಿನ ಗಂಡಸರಲ್ಲಿ ಧೂಮಪಾನಿಗಳ ಪ್ರಮಾಣ ಅಮೆರಿಕದಲ್ಲಿಗಿಂತ ಹೆಚ್ಚಾಗಿತ್ತು. ಆದರೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರು ಅವರಲ್ಲಿ ಕಡಿಮೆಯಿದ್ದರು. ಇದನ್ನು ಮುಂದೊಡ್ಡಿ, ಸಿಗರೇಟಿನ ಮೇಲಣ ಆರೋಪವೇ ಸುಳ್ಳೆಂದು ವಾದಿಸುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಪ್ರಶ್ನೆ ಎತ್ತಿದುದಕ್ಕಾಗಿ ಅವರನ್ನು ಮೆಚ್ಚಬೇಕು. ತೀರ್ಮಾನವನ್ನು ಮಾತ್ರ ಒಪ್ಪಲಾಗದು.

ಸೂರ್ಯನು ನೆತ್ತಿಗೆ ಬರುವುದು ಹಗಲು ಹನ್ನೆರಡರ ಸುಮಾರಿಗೆ. ಸೆಕೆ ಪರಮಾವಧಿಗೇರುವುದು ಎರಡು ಮೂರು ಗಂಟೆಗೆ. ಸೂರ್ಯನು ಇಳಿಯುತ್ತಿರುವಾಗ ಉಷ್ಣಮಾಪಕದ ಪಾದರಸ ಏರಿರುವುದನ್ನು ಕಂಡು, ಸೆಕೆಗೂ ಸೂರ್ಯನಿಗೂ ಸಂಬಂಧವಿಲ್ಲವೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಧೂಮಪಾನಕ್ಕೂ ಅದರಿಂದುಂಟಾಗುವ ಕ್ಯಾನ್ಸರಿಗೂ ನಡುವೆ ಇಂತಹುದೇ ವಿಳಂಬವಿದೆ. ಅದು ಇಪ್ಪತ್ತು, ಮೂವತ್ತು ವರ್ಷಗಳಷ್ಟು ದೀರ್ಘವಾದುದು.

ಬ್ರಿಟನ್ನಿನ ರಿಚರ್ಡ್ ಡಾಲ್ 1955ರಲ್ಲಿ 11 ದೇಶಗಳನ್ನು ಹೋಲಿಸಿದಾಗ ಇದನ್ನು ಮರೆಯಲಿಲ್ಲ. 1950ರ ಮರಣಗಳ ಎದುರಿಗೆ ಆತ ಇಟ್ಟುದು 1930ರ ಸಿಗರೇಟು ಬಳಕೆಯನ್ನು. ಐಸ್‌ಲೆಂಡಿನಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 230 ಸಿಗರೇಟು, ಹತ್ತು ಲಕ್ಷ ಗಂಡಸರಲ್ಲಿ ಸುಮಾರು 60 ಸಾವು. ಬ್ರಿಟನ್ನಿನಲ್ಲಿ ಸುಮಾರು 1,100 ಸಿಗರೇಟು, 460 ಸಾವು. ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಮೊದಲಾದವು ಬಹುಮಟ್ಟಿಗೆ ಇವುಗಳ ನಡುವೆ ಸಾಲಾಗಿ ನಿಂತವು. ಸಾಲು ಕೆಡಿಸಿದುದು ಅಮೆರಿಕ: ಸಿಗರೇಟು ಸುಮಾರು 1,300, ಸಾವು 200 ಮಾತ್ರ! ಬ್ರಿಟನ್ನಿನವರು ಸಿಗರೇಟನ್ನು ತುದಿಯವರೆಗೂ ಸೇದುವುದು, ಅಲ್ಲಿನ ಕಲ್ಲಿದ್ದಲ ಹೊಗೆ ಮುಂತಾದ ಕಾರಣಗಳನ್ನು ಆಗ ಊಹಿಸಿದರು. ಆದರೆ ಮುಂದೆ ನಡೆದುದನ್ನು ನೋಡಿ. ಬ್ರಿಟನ್ನಿನ ಗಂಡಸರ ಮರಣಪ್ರಮಾಣ 1970ರ ದಶಕದಲ್ಲಿ ಶಿಖರ ಮುಟ್ಟಿ ಇಳಿಯತೊಡಗಿತು. ಅಮೆರಿಕದಲ್ಲಿ ಆ ಶಿಖರ ಬಂದುದು 1990ರ ಸುಮಾರಿಗೆ. 1950ರಲ್ಲಿ ಅಮೆರಿಕ ಇನ್ನೂ ಬೆಟ್ಟದ ಬುಡದಲ್ಲಿತ್ತು. ಜಪಾನಿನಲ್ಲಿಯೂ 1993ರ ವೇಳೆಗೆ ಗಂಡಸರ ಕ್ಯಾನ್ಸರ್ ಮರಣಗಳಲ್ಲಿ ಶ್ವಾಸಕೋಶವು ಜಠರವನ್ನು ಹಿಂದೆ ಹಾಕಿತು. ಅಲ್ಲಿನ ಅಂತರವೆಲ್ಲವೂ ವಿಳಂಬದಿಂದಲೇ ಬಂದಿತೆಂದು ನಾವು ಹೇಳುವುದಿಲ್ಲ.

ದೇಶಗಳ ಸರಾಸರಿಯಿಂದ ಕಾರಣವು ಸಿದ್ಧವಾಗದು ಎಂಬುದೂ ನಿಜ. ಆ ಕಾಲದಲ್ಲಿ ಸಿಗರೇಟಿನೊಡನೆ ರೇಡಿಯೋಗಳೂ ಹೆಚ್ಚುತ್ತಿದ್ದುವಷ್ಟೆ! ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿ ಕಳುಹಿಸಿ, ಸುಮಾರು 40,000 ಮಂದಿಯನ್ನು ಅನುಸರಿಸುತ್ತ ಹೋದರು. ಸೇದುವವರೂ ಸೇದದವರೂ ಒಂದೇ ದೇಶದವರು, ಒಂದೇ ವೃತ್ತಿಯವರು. ವ್ಯತ್ಯಾಸ ಅಲ್ಲಿಯೂ ಸ್ಪಷ್ಟವಾಗಿತ್ತು. (ಡಾಲ್ ಸ್ವತಃ ಧೂಮಪಾನಿಯಾಗಿದ್ದು, ತನ್ನ ಸಂಶೋಧನೆಯ ಫಲವನ್ನು ಕಂಡು ಸಿಗರೇಟು ಬಿಟ್ಟವನು.)

ಸರಾಸರಿಯು ಮರೆಮಾಚುವ ಇನ್ನೊಂದು ಸಂಗತಿಯಿದೆ. ಚೀನದ ಯುನ್ನಾನ್ ಪ್ರಾಂತದ ಷುವಾನ್‌ವೇಯಲ್ಲಿ ಹೆಂಗಸರು ಧೂಮಪಾನ ಮಾಡುವುದು ಅಪರೂಪ. ಆದರೂ ಶ್ವಾಸಕೋಶದ ಕ್ಯಾನ್ಸರ್ ಅವರಲ್ಲಿ ವಿಪರೀತ. ಹೊಗೆಗಂಡಿಯಿಲ್ಲದ ಮನೆಯೊಳಗೆ ಅವರು ಕಲ್ಲಿದ್ದಲು ಉರಿಸುತ್ತಿದ್ದರು. ಒಲೆಗೆ ಹೊಗೆಕೊಳವೆ ಹಾಕಿಸಿದ ಮನೆಗಳಲ್ಲಿ ರೋಗ ಇಳಿದುದು 2002ರಲ್ಲಿ ಪ್ರಕಟವಾಯಿತು.

ಭಾರತದಲ್ಲಿ ಈ ರೋಗ ಕಡಿಮೆಯೆಂದು ಕೋಷ್ಟಕಗಳು ಹೇಳುತ್ತವೆ. ಈ ಸಮಾಧಾನವನ್ನು ನಾವು ನಂಬುವುದಿಲ್ಲ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ 1982ರಷ್ಟು ಹಿಂದಿನದಾದರೂ, ದೇಶದ ಜನಸಂಖ್ಯೆಯ ಸಣ್ಣದೊಂದು ಪಾಲು ಮಾತ್ರ ಇಂತಹ ನೋಂದಣಿಗಳಿಗೆ ಒಳಪಟ್ಟಿದೆ. ಬೀಡಿ ಸೇದುತ್ತ ಕೆಮ್ಮಿದವನಿಗೂ ಸೌದೆಯೊಲೆಯ ಮುಂದೆ ಕೆಮ್ಮಿದವಳಿಗೂ ಕ್ಷಯವೆಂದೇ ಔಷಧ ಕೊಟ್ಟಿದ್ದರೆ, ಅವರ ಸಾವು ಯಾವ ಕೋಷ್ಟಕದಲ್ಲಿ ಸೇರಿತು?