ಎಮಿಷನ್ ಪಾಸ್ ಆದರೆ ಸಾಕೇ?

ನಮ್ಮ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ಈ ವರ್ಷ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಪಬ್ಲಿಕ್ ಪರೀಕ್ಷೆಯ ಬಗ್ಗೆ ಅಲ್ಲ. "ಈ ಸೈಲೆನ್ಸರ್ ಹಾಕಿದರೆ ಎಮಿಷನ್ ಪಾಸ್ ಆಗುತ್ತದಾ?" ಎಂಬುದು. ಪ್ರಥಮ ಪಿಯುಸಿಯವರು ದ್ವಿತೀಯ ಪಿಯುಸಿಯವರನ್ನು ಕೇಳುತ್ತಾರೆ, ಅವರು ಗ್ಯಾರೇಜಿನವರನ್ನು ಕೇಳುತ್ತಾರೆ. ರಜೆಯಲ್ಲಿ ನಾನು ಮಾಮುವಿನ ಗ್ಯಾರೇಜಿನಲ್ಲಿ ಸಹಾಯಕ್ಕೆ ನಿಲ್ಲುವುದರಿಂದ ಈ ಪ್ರಶ್ನೆ ನನ್ನ ತನಕವೂ ಬರುತ್ತದೆ. ಎಷ್ಟೋ ಬೈಕುಗಳು ಪಾಸ್ ಆಗುತ್ತವೆ, ಅದು ನಿಜ. ಆದರೆ ನಾವು ಕೇಳಬೇಕಾದ ಪ್ರಶ್ನೆ ಅದಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಸೈಲೆನ್ಸರ್ ಏನು ಮಾಡುತ್ತದೆ ಎಂದು ನೋಡೋಣ. ಅದಕ್ಕೆ ಮೂರು ಕೆಲಸ. ಇಂಜಿನ್‌ನಿಂದ ಬರುವ ಬಿಸಿ ಅನಿಲವನ್ನು ಸವಾರನಿಂದ ದೂರ ಸಾಗಿಸುವುದು ಒಂದು. ಒಳಗಿನ ತಡೆಗೋಡೆಗಳು ಮತ್ತು ಕೋಣೆಗಳ ಮೂಲಕ ಹಾಯಿಸಿ ಶಬ್ದವನ್ನು ತಗ್ಗಿಸುವುದು ಎರಡು. ಹೊಗೆಯನ್ನು ಶುದ್ಧಗೊಳಿಸುವುದು ಮೂರು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಂತೂ ಈ ಮೂರನೆಯ ಕೆಲಸ ಬಹಳ ದೊಡ್ಡದು. ಅದನ್ನು ಮಾಡುವುದು ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ಒಂದು ತುಂಡು ಅದು. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂತಹ ಲೋಹಗಳ ತೆಳು ಲೇಪ ಇರುತ್ತದೆ. ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಪೂರ್ತಿ ಉರಿಯದ ಪೆಟ್ರೋಲ್ ಉರಿದು ಹೋಗುತ್ತದೆ. ನೈಟ್ರೋಜನ್ ಆಕ್ಸೈಡ್‌ಗಳು ಒಡೆದು ನೈಟ್ರೋಜನ್ ಆಗುತ್ತವೆ. ರಸಾಯನಶಾಸ್ತ್ರದಲ್ಲಿ ನಾವು ಓದುವ ವೇಗವರ್ಧಕ ದಿನವೂ ನಮ್ಮ ಕಾಲ ಬಳಿಯೇ ಕೆಲಸ ಮಾಡುತ್ತಿರುತ್ತದೆ.

ಕೆಲವು ಬೈಕುಗಳಲ್ಲಿ ಈ ಕನ್ವರ್ಟರ್ ಇಂಜಿನ್ ಹತ್ತಿರದ ಬೆಂಡ್ ಪೈಪಿನಲ್ಲಿದೆ, ಕೆಲವದರಲ್ಲಿ ಸೈಲೆನ್ಸರಿನೊಳಗೇ ಇದೆ. ಬೆಂಡ್ ಪೈಪಿನಲ್ಲಿದ್ದರೆ ಹಿಂದಿನ ಡಬ್ಬಿಯನ್ನಷ್ಟೇ ಬದಲಿಸಿದಾಗ ಹೊಗೆಯ ಲೆಕ್ಕ ಹೆಚ್ಚು ಕೆಡದಿರಬಹುದು. ಕಾರುಗಳಲ್ಲೂ ಹಾಗೆಯೇ, ಕನ್ವರ್ಟರ್ ಮುಟ್ಟದೆ ಹಿಂದಿನ ಮಫ್ಲರ್ ಮಾತ್ರ ಬದಲಿಸುವವರಿದ್ದಾರೆ. "ನೋಡು, ಪಾಸ್ ಆಯಿತಲ್ಲ" ಎಂದು ಗೆಳೆಯರು ಸರ್ಟಿಫಿಕೇಟ್ ತೋರಿಸುವುದು ಇಂಥ ಗಾಡಿಗಳದ್ದೇ.

ಆದರೆ ಆ ಸರ್ಟಿಫಿಕೇಟ್ ಹೇಳುವುದಾದರೂ ಏನು? ತಪಾಸಣೆ ಕೇಂದ್ರದಲ್ಲಿ ಪೆಟ್ರೋಲ್ ಬೈಕನ್ನು ನಿಂತಲ್ಲೇ ಐಡಲಿಂಗ್‌ನಲ್ಲಿ ಬಿಟ್ಟು ಸೈಲೆನ್ಸರಿನೊಳಗೆ ಪ್ರೋಬ್ ತೂರಿಸುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಶೇಕಡಾ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಪಿಪಿಎಂ ಎಂದು ಯಂತ್ರ ಓದುತ್ತದೆ. ನಂಬರ್ ಪ್ಲೇಟಿನ ಫೋಟೊ ತೆಗೆದು ಸರ್ಟಿಫಿಕೇಟ್ ಕೊಡುತ್ತಾರೆ. ಅಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವುದಿಲ್ಲ. ರಸ್ತೆಯಲ್ಲಿ ಆಕ್ಸಿಲರೇಟರ್ ತಿರುವಿದಾಗ ಏನು ಹೊರಬರುತ್ತದೆ ಎಂದು ನೋಡುವುದಿಲ್ಲ. ಶಬ್ದವನ್ನಂತೂ ಅಳೆಯುವುದೇ ಇಲ್ಲ. ಬಿಎಸ್-4 ಮತ್ತು ನಂತರದ ಗಾಡಿಗಳಿಗೆ ಈ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ. ಅಂದರೆ ವರ್ಷದಲ್ಲಿ ಕೆಲವೇ ನಿಮಿಷದ ಪರೀಕ್ಷೆ, ಅದೂ ಎರಡೇ ಪ್ರಶ್ನೆ. ಅದರಲ್ಲಿ ಪಾಸಾದವನು ಎಲ್ಲ ವಿಷಯದಲ್ಲೂ ಪಾಸಾದೆ ಎನ್ನುವುದು ಯಾವ ನ್ಯಾಯ?

ಇನ್ನೊಂದು ಉಪಾಯವೂ ಎಲ್ಲರಿಗೂ ಗೊತ್ತು. ತಪಾಸಣೆಯ ಬೆಳಿಗ್ಗೆ ಕಂಪನಿ ಸೈಲೆನ್ಸರ್ ಹಾಕಿಸುವುದು, ಸಂಜೆ ಮತ್ತೆ ಜೋರು ಶಬ್ದದ್ದನ್ನು ಏರಿಸುವುದು. ಮಾಮು ಈ ಕೆಲಸ ಮಾಡಿಕೊಡುವುದಿಲ್ಲ. ಇದರಿಂದ ಅವರಿಗೆ ಗಿರಾಕಿಗಳು ತಪ್ಪಿದ್ದಾರೆ. ಒಬ್ಬ ಗಿರಾಕಿ ಸಿಟ್ಟಿನಿಂದ, "ನೀವು ಮಾಡದಿದ್ದರೆ ಪಕ್ಕದ ಬೀದಿಯಲ್ಲಿ ಮಾಡುತ್ತಾರೆ" ಎಂದಾಗ ಮಾಮು, "ಮಾಡಲಿ ಬಿಡು ಮಗಾ, ರಾತ್ರಿ ನನ್ನ ಮನೆ ಮುಂದೆಯೇ ನೀನು ಹೋಗುವುದು" ಎಂದಷ್ಟೇ ಹೇಳಿದರು. ತಪ್ಪಿದ ಗಿರಾಕಿಯ ದುಡ್ಡಿನ ಲೆಕ್ಕವೂ ಅವರಿಗೆ ಗೊತ್ತಿದೆ. ಮೂವರು ಮಕ್ಕಳ ಫೀಸು ಕಟ್ಟುವ ಮನುಷ್ಯ ಅವರು.

ಶಬ್ದದ ಲೆಕ್ಕವನ್ನೂ ನೋಡೋಣ. 80ರಿಂದ 175 ಸಿಸಿ ಬೈಕಿಗೆ ತಯಾರಿಕೆಯ ಹಂತದಲ್ಲೇ 77 ಡೆಸಿಬೆಲ್, ಅದಕ್ಕಿಂತ ದೊಡ್ಡ ಇಂಜಿನ್‌ಗೆ 80 ಡೆಸಿಬೆಲ್ ಎಂಬ ಮಿತಿ ಇದೆ. ಡಿಬಿ ಕಿಲ್ಲರ್ ಕಿತ್ತು ಹಾಕಿದ ಮರುಕ್ಷಣ ಆ ಮಿತಿಗಾಗಿ ಮಾಡಿದ್ದ ವ್ಯವಸ್ಥೆಯೇ ಹೋಯಿತು. ಡೆಸಿಬೆಲ್ ನಮ್ಮ ಅಂಕಪಟ್ಟಿಯ ಅಂಕದ ಹಾಗಲ್ಲ. ಹತ್ತು ಡೆಸಿಬೆಲ್ ಹೆಚ್ಚಾದರೆ ಶಬ್ದದ ತೀವ್ರತೆ ಹತ್ತು ಪಟ್ಟು ಏರುತ್ತದೆ. ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಿದ್ದು, ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿಯದು 40. ನಮ್ಮ ಗೇಟಿನ ಮುಂದೆ ಇಂಜಿನ್ ರೇಸ್ ಮಾಡುವ ಹುಡುಗ ನಿಂತಿರುವುದು ಅಂಥ ಜಾಗದಲ್ಲೇ.

ಕಾನೂನು ಇನ್ನೂ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸಿದರೆ ಮೊದಲ ಸಲವೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಗಾಡಿಯನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ಎಮಿಷನ್ ಸರ್ಟಿಫಿಕೇಟ್ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪಿಯುಸಿಯಲ್ಲಿರುವ ಬಹುಪಾಲು ಹುಡುಗರಿಗೆ 18 ತುಂಬಿಲ್ಲ. ಜೋರು ಸೈಲೆನ್ಸರ್ ಪೊಲೀಸರನ್ನು ತಾನೇ ಕೂಗಿ ಕರೆಯುತ್ತದೆ. ಹಿಡಿದ ಮೇಲೆ ಮೊದಲು ನೋಡುವುದು ವಯಸ್ಸು. ಅಪ್ರಾಪ್ತ ವಯಸ್ಕ ಅಪರಾಧ ಮಾಡಿದರೆ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಹೆಚ್ಚಿನ ಮನೆಗಳಲ್ಲಿ ಆ ಬೈಕು ಅಬ್ಬನ ಹೆಸರಿನಲ್ಲಿರುತ್ತದೆ. ಅದರಲ್ಲೇ ಅವರು ಅಂಗಡಿಗೆ, ಕೆಲಸಕ್ಕೆ ಹೋಗಬೇಕು. ಶಬ್ದ ಮಾಡುವುದು ಮಗ, ಕೋರ್ಟಿನಲ್ಲಿ ತಲೆ ತಗ್ಗಿಸುವುದು ಅಬ್ಬ.

ಗೆಳೆಯರ ವಾದಗಳನ್ನೂ ಕೇಳಿದ್ದೇನೆ. "ಶಬ್ದ ಇದ್ದರೆ ಎದುರಿನವರಿಗೆ ಗೊತ್ತಾಗುತ್ತದೆ, ಅಪಘಾತ ತಪ್ಪುತ್ತದೆ" ಎನ್ನುತ್ತಾರೆ. ಸೈಲೆನ್ಸರಿನ ಬಾಯಿ ಹಿಂದಕ್ಕಿದೆ. ಎದುರಿನವರಿಗಿಂತ ಹಿಂದೆ ಬರುವವರಿಗೇ ಅದು ಜೋರಾಗಿ ಕೇಳುತ್ತದೆ. "ಪಿಕಪ್ ಹೆಚ್ಚುತ್ತದೆ" ಎನ್ನುತ್ತಾರೆ. ನಮ್ಮ ಸಾಮಾನ್ಯ 150 ಸಿಸಿ ಬೈಕಿನಲ್ಲಿ ಹೆಚ್ಚುವುದು ಬಹುಮಟ್ಟಿಗೆ ಕಿವಿಯ ಭ್ರಮೆ. "ಲಾರಿಗಳು ಕಪ್ಪು ಹೊಗೆ ಬಿಡುತ್ತವೆ, ಮೆರವಣಿಗೆಯಲ್ಲಿ ಡಿಜೆ ಹಾಕುತ್ತಾರೆ, ನಮ್ಮ ಬೈಕೇ ಕಣ್ಣಿಗೆ ಬೀಳುತ್ತದಾ?" ಎಂಬ ಮಾತಿನಲ್ಲಿ ಮಾತ್ರ ಸತ್ಯ ಇದೆ. ಅವುಗಳ ವಿರುದ್ಧವೂ ದೂರು ಕೊಡಬೇಕು. ಆದರೆ ನಮ್ಮ ಬೈಕು ಗುಡುಗುತ್ತಿರುವಾಗ ಯಾವ ಮುಖ ಇಟ್ಟುಕೊಂಡು ಕೊಡುವುದು?

ಬೈಕಿನ ಮೇಲಿನ ಪ್ರೀತಿ ನನಗೂ ಇದೆ. ಏರ್ ಫಿಲ್ಟರ್ ಸ್ವಚ್ಛವಾಗಿಡಿ, ಸಮಯಕ್ಕೆ ಆಯಿಲ್ ಬದಲಿಸಿ, ಚೈನ್ ಬಿಗಿ ಮಾಡಿಸಿ, ಟೈರಿನ ಗಾಳಿ ನೋಡಿ. ಸೈಲೆನ್ಸರ್ ತುಕ್ಕು ಹಿಡಿದಿದ್ದರೆ ಅದೇ ಮಾದರಿಯ ಕಂಪನಿ ಸೈಲೆನ್ಸರ್ ಹಾಕಿಸಿ. ಇಷ್ಟು ಮಾಡಿದ ಗಾಡಿ ಚೆನ್ನಾಗಿಯೂ ಓಡುತ್ತದೆ, ಮನೆಯವರ ಜೇಬಿಗೂ ಹಗುರ.

ಕಾಲೇಜಿಗೆ ನನ್ನ ಎರಡು ಸಲಹೆಗಳಿವೆ. ವಿದ್ಯಾರ್ಥಿ ಸಂಘದವರು ಉಪನ್ಯಾಸಕರೊಬ್ಬರ ಜೊತೆ ಸೇರಿ ತಿಂಗಳಿಗೊಮ್ಮೆ ಪಾರ್ಕಿಂಗ್‌ನಲ್ಲಿ ಸೈಲೆನ್ಸರ್ ನೋಡಲಿ. ಬದಲಿಸಿದ್ದರೆ ಗದರಿಸದೆ ಒಂದು ವಾರ ಗಡುವು ಕೊಡಲಿ. ವಾರ್ಷಿಕೋತ್ಸವ ಮತ್ತು ಬೀಳ್ಕೊಡುಗೆಯ ದಿನದ ಬೈಕ್ ರ‍್ಯಾಲಿ ನಿಲ್ಲಲಿ. ಇನ್ನು ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ದಾರಿಯಲ್ಲಿ ಬಿದ್ದ ಕಲ್ಲನ್ನು ಬದಿಗೆ ಸರಿಸಬೇಕು ಎಂದು ನಮ್ಮೆಲ್ಲರ ಮನೆಗಳಲ್ಲೂ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ತೊಟ್ಟಿಲಲ್ಲಿ ಬೆಚ್ಚಿ ಎದ್ದ ಮಗುವಿಗೆ, ಹೃದಯದ ಕಾಯಿಲೆಯ ಅಜ್ಜನಿಗೆ, ದಿನವಿಡೀ ಸರ್ಕಲ್‌ನಲ್ಲಿ ನಿಂತು ನಮ್ಮ ಹೊಗೆ ಕುಡಿಯುವ ಟ್ರಾಫಿಕ್ ಪೊಲೀಸರಿಗೆ ನಮ್ಮ ಸೈಲೆನ್ಸರ್ ಅಂಥದ್ದೇ ಒಂದು ಕಲ್ಲು. ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಪಾಸ್ ಆಗುತ್ತದಾ?" ಎಂದು ಕೇಳಬೇಡಿ. "ಇದರಿಂದ ಯಾರಿಗಾದರೂ ತೊಂದರೆ ಆಗುತ್ತದಾ?" ಎಂದು ಕೇಳಿ.